ಬುತ್ತಿ ಕಟ್ಟಿದ ಸಬ್‌ಸ್ಟೇಷನ್

ದ್ಯಾಮಣ್ಣ ಮೂವತ್ತು ವರ್ಷ ಸಬ್‌ಸ್ಟೇಷನ್ ಕಟ್ಟಿದ. ಬಯಲಿನಲ್ಲಿ ಪಾಯ ತೋಡಿ, ಇಟ್ಟಿಗೆ ಏರಿಸಿ, ಮೇಲೆ ತಗಡು ಹೊದಿಸಿ, ಆಮೇಲೆ ಟ್ರಾನ್ಸ್‌ಫಾರ್ಮರ್ ತರಿಸಿ, ಕೇಬಲ್ ಎಳೆದು. ಒಂದೊಂದಕ್ಕೆ ಮೂರು ತಿಂಗಳು. ಮಳೆ ಹಿಡಿದರೆ ಐದು. ಅಷ್ಟು ದಿನವೂ ಅಲ್ಲೇ ಒಂದು ಗುಡಿಸಲಿನಲ್ಲಿ ಬಿದ್ದಿರುತ್ತಿದ್ದ. ಮನೆಗೆ ಬಂದರೆ ಅವನ ಗಡ್ಡ ನೋಡಿ ಹೆಂಡತಿ ಮುರಿಗೆವ್ವ, "ಯಾರು ಬೇಕಾಗಿತ್ರಿ?" ಎಂದು ಕೇಳುತ್ತಿದ್ದಳು.

ಅವನಿಗೆ ಐವತ್ತಾರು ತುಂಬಿದ ವರ್ಷ ಕಂಪನಿಯವರು ಹೊಸ ರೀತಿ ಹಿಡಿದರು. ಎಲ್ಲ ಕೆಲಸ ಲಕಮನಹಳ್ಳಿಯ ಶೆಡ್ಡಿನಲ್ಲೇ. ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ. ನಡುವೆ ಟ್ರಾನ್ಸ್‌ಫಾರ್ಮರ್. ಒಂದು ತುದಿಗೆ ಕಂಬದಿಂದ ಕರೆಂಟು ಒಳಗೆ ಬರುವ ಬಾಗಿಲು, ಅದು ದೊಡ್ಡದು. ಇನ್ನೊಂದು ತುದಿಗೆ ಕರೆಂಟು ಹೊರಗೆ ಹೋಗುವ ಬಾಗಿಲು, ಅದು ಸಣ್ಣದು. ವೈರಿಂಗು, ಪರೀಕ್ಷೆ ಎಲ್ಲ ನೆರಳಲ್ಲೇ ಮುಗಿಯುತ್ತಿತ್ತು. ಕೇಬಲ್ಲನ್ನೂ ನಕ್ಷೆ ನೋಡಿ ಶೆಡ್ಡಿನಲ್ಲೇ ಕೊಯ್ಯುತ್ತಿದ್ದರು. ಆಮೇಲೆ ಟ್ರೇಲರ್ ಮೇಲೆ ಹೇರಿ, ಜಾಗಕ್ಕೆ ಒಯ್ದು ಇಳಿಸಿ, ಜೋಡಿಸಿದರೆ ಆಯಿತು. ಮೂರು ತಿಂಗಳ ಕೆಲಸ ಒಂದು ದಿನಕ್ಕೆ ಬಂತು. ಖರ್ಚು ಇಳಿಯಿತು. ದ್ಯಾಮಣ್ಣನ ಮುಖವೂ ಇಳಿಯಿತು.

"ಇದೇನು ಸಬ್‌ಸ್ಟೇಷನ್ನಾ? ತಿಜೋರಿ ಆತು," ಎಂದ.

"ಹೊಲಕ್ಕ ಹೋಗುವಾಗ ಒಲಿ ಹೊತ್ಕೊಂಡು ಹೋಗ್ತಾರೇನ್ರಿ?" ಎಂದಳು ಮುರಿಗೆವ್ವ. "ರೊಟ್ಟಿ ಮನ್ಯಾಗ ಬಡದು ಬುತ್ತಿ ಕಟ್ಕೊಂಡು ಹೋಗ್ತಾರ. ನಿಮ್ಮ ಸಾಹೇಬ್ರಿಗೆ ಈಗ ತಿಳದೈತಿ. ನನಗ ಮದಲ ಗೊತ್ತಿತ್ತು."

"ಬುತ್ತಿ ರೊಟ್ಟಿ ಆರಿರ್ತತಿ."

"ಆರಿದ್ದು ಉಂಡ ಮೂವತ್ತು ವರ್ಷ ಬದುಕೀರಿ."

ಮುರಿಗೆವ್ವಳಿಗೆ ಹೊಸ ರೀತಿ ಹಿಡಿಸಿತ್ತು. ಗಂಡ ಸಂಜೆಗೆ ಮನೆಗೆ ಬರುತ್ತಿದ್ದ. ಆದರೆ ಶೆಡ್ಡಿನ ಎಂಜಿನಿಯರ್ ರಾಜಶೇಖರ ಒಂದು ದಿನ ದ್ಯಾಮಣ್ಣನನ್ನು ಕರೆದು ಹೇಳಿದರು, "ಕಾಕಾ, ಪಾಯಾ ಇಲ್ಲ, ಇಟ್ಟಂಗಿ ಇಲ್ಲ, ಮಿಸ್ತ್ರಿ ಯಾಕ ಅಂತ ಮ್ಯಾಲಿನವರು ಕೇಳಾಕತ್ತಾರ. ಶಿರಗುಪ್ಪಿ ಹತ್ತಿ ಮಿಲ್ಲಿನ ಪೆಟಗಿ ನಿಮ್ಮ ಕೈಯಾಗ ಕೊಡ್ತೇನಿ. ಬೆಳಿಗ್ಗೆ ಒಂಬತ್ತರಿಂದ ಸಂಜಿ ಐದರ ತನಕ ಲೈನ್ ಬಂದ್ ಇರ್ತತಿ. ಅಷ್ಟರಾಗ ಚಾಲೂ ಆದ್ರ ನೀವ ಮಿಸ್ತ್ರಿ. ಆಗ್ಲಿಲ್ಲಂದ್ರ ನನಗ ನಿಮ್ಮನ್ನ ಗೇಟಿಗೆ ಹಾಕೂದು ಬರ್ತತಿ."

ಗೇಟಿನಲ್ಲಿ ವಾಚಮನ್ ಕೂರುವ ಸ್ಟೂಲು ಇತ್ತು. ಅದಕ್ಕೆ ಮೂರೇ ಕಾಲು. ಅಂದಿನಿಂದ ದ್ಯಾಮಣ್ಣ ಹೋಗುವಾಗ ಬರುವಾಗ ಅದನ್ನು ನೋಡುತ್ತಿದ್ದ.

ಶಿರಗುಪ್ಪಿಗೆ ಹೊರಟ ದಿನ ಮುರಿಗೆವ್ವಳೂ ಜೀಪು ಹತ್ತಿದಳು. ಜೊತೆಗೆ ಮೂವತ್ತು ರೊಟ್ಟಿ, ಒಂದು ಡಬರಿ ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ.

"ನೀ ಯಾಕ?" ಎಂದ ದ್ಯಾಮಣ್ಣ.

"ಬುತ್ತಿ ಅಂತ ಅಂದಾಕಿ ನಾ. ನೋಡಬೇಕಲ್ಲ."

ಶಿರಗುಪ್ಪಿಯಲ್ಲಿ ಕ್ರೇನಿನ ಖಾಜಾಸಾಬ ಪೆಟ್ಟಿಗೆಯನ್ನು ಬಾಣಂತಿ ಕೂಸನ್ನು ಎತ್ತಿದ ಹಾಗೆ ಎತ್ತಿದ. ರಾಜಶೇಖರ ಲೈನ್ ಬಂದ್ ಮಾಡಿಸುವ ಕಾಗದ ಹಿಡಿದು ಕರೆಂಟಿನ ಆಫೀಸಿಗೆ ಹೋಗಿದ್ದರು. ಪೆಟ್ಟಿಗೆ ಗಾಳಿಯಲ್ಲಿ ತೂಗುತ್ತಿತ್ತು. ಖಾಜಾಸಾಬ ಮೇಲಿನಿಂದ ಕೇಳಿದ, "ಮಿಸ್ತ್ರಿ, ಮಾರಿ ಯಾವ ಕಡೆ?"

ದ್ಯಾಮಣ್ಣನ ಕೈ ತಾನಾಗಿಯೇ ಎದ್ದಿತು. "ದೊಡ್ಡ ಬಾಗಲಾ ಪೂರ್ವಕ್ಕ."

ಮೂವತ್ತು ವರ್ಷ ಅವನು ಪೂರ್ವ ಬಿಟ್ಟು ಬೇರೆ ಕಡೆ ಬಾಗಿಲು ಇಟ್ಟವನಲ್ಲ. ಮಿಲ್ಲಿನ ಸಾಹುಕಾರ ಶಿವಯೋಗೀಶ ಖುಷಿಯಾಗಿ ತೆಂಗಿನಕಾಯಿ ಒಡೆಸಿದರು. ವಿಭೂತಿ ಹಚ್ಚಿದ್ದಾಯಿತು, ಮಾವಿನ ಎಲೆ ಕಟ್ಟಿದ್ದಾಯಿತು. ಖಾಜಾಸಾಬನಿಗೆ ಹುಬ್ಬಳ್ಳಿಯಲ್ಲಿ ಬೇರೆ ಕೆಲಸವಿತ್ತು. ಮುರಿಗೆವ್ವ ಉಂಡು ಹೋಗಲು ಹೇಳಿದಳು. ಟೈಮಿಲ್ಲ ಎಂದು ಕ್ರೇನು ತೆಗೆದುಕೊಂಡು ಹೋದ.

ಆಮೇಲೆ ಕೇಬಲ್ ಎಳೆದರು. ಕಂಬದಿಂದ ಬಂದ ಕೇಬಲ್ ಪೆಟ್ಟಿಗೆಯ ತನಕ ಬಂತು. ಅಲ್ಲೇ ನಿಂತಿತು. ದೊಡ್ಡ ಬಾಗಿಲು ಆ ಕಡೆಯ ತುದಿಗೆ ಇತ್ತು. ಹನ್ನೆರಡು ಅಡಿ ಕಡಿಮೆ. ದ್ಯಾಮಣ್ಣ ಎಳೆದ. ಜೊತೆಗೆ ಬಂದಿದ್ದ ಇಬ್ಬರು ಆಳುಗಳು ಸೇರಿ ಎಳೆದರು. ಕೇಬಲ್ ಏನು ಹಸುವಿನ ಹಗ್ಗವೇ, ಎಳೆದರೆ ಹಿಂದೆ ಬರಲು? ಮಿಲ್ಲಿನ ಕಡೆಯ ಕೇಬಲ್ಲಿನದೂ ಅದೇ ಹಾಡು.

ದ್ಯಾಮಣ್ಣ ಜೇಬಿನಿಂದ ನಕ್ಷೆ ತೆಗೆದ. ಅಲ್ಲಿಯ ತನಕ ಅದು ಮಡಚಿಯೇ ಇತ್ತು. ದೊಡ್ಡ ಬಾಗಿಲು ಕಂಬದ ಕಡೆಗೆ, ಪಶ್ಚಿಮಕ್ಕೆ ಎಂದು ಗುರುತು ಹಾಕಿದ್ದರು. ಇಟ್ಟಿಗೆಯ ಕಾಲದಲ್ಲಿ ಬಾಗಿಲು ಮೊದಲು, ಕೇಬಲ್ ಕೊಯ್ಯುವುದು ಆಮೇಲೆ. ಈಗ ಕೊಯ್ದು ತಂದದ್ದು. ಬಾಗಿಲೇ ಕೇಬಲ್ಲಿನ ಮಾತು ಕೇಳಬೇಕು.

ದ್ಯಾಮಣ್ಣ ನೆಲಕ್ಕೆ ಕೂತ. ಮುರಿಗೆವ್ವ ನೀರು ಕೊಟ್ಟಳು.

"ಫೈಜಾನ ಕೇಬಲ್ ಕಡಿಮಿ ಕೊಯ್ದಾನ ಅಂತ ಹೇಳ್ತೇನಿ," ಎಂದ. ಫೈಜಾನ ಶೆಡ್ಡಿನಲ್ಲಿ ಕೇಬಲ್ ಕೊಯ್ಯುವವನು. ಎರಡು ಮಕ್ಕಳ ತಂದೆ.

"ಫೈಜಾನನ ಕೇಬಲ್ ನೆಟ್ಟಗೈತಿ. ನಿಮ್ಮ ಪೆಟಗಿ ತಿರುಗೇತಿ."

"ನಿನಗೇನ್ ತಿಳಿತತಿ."

"ಹಂಗಾರ ಸ್ಟೂಲಿಗೆ ಒಂದು ಕಾಲು ಹಚ್ಚಿಸ್ಕೋರಿ. ಬೀಳ್ತೀರಿ."

ಅವನು ನಕ್ಷೆ ಮಡಚಿ ಜೇಬಿಗೆ ಇಟ್ಟ. ಆಮೇಲೆ, "ಪೂಜಿ ಆಗೇತಿ. ಇನ್ನ ಬಾಗಲಾ ತಿರುವಾಕ ಬರೂದಿಲ್ಲ," ಎಂದ.

"ಶಿವಗ ದಿಕ್ಕಿಲ್ಲ. ದಿಕ್ಕಿರೂದು ಕೇಬಲ್ಲಿಗೆ. ಫೋನ್ ಕೊಡ್ರಿ ಇಲ್ಲೆ."

ಖಾಜಾಸಾಬ ಬೈಪಾಸ್ ಹತ್ತಿರ ಇದ್ದ.

"ಅಣ್ಣಾ, ನಿಮ್ಮ ಪಾಲಿನ ಎಣಗಾಯಿ ಹಂಗ ಉಳದೈತಿ," ಎಂದಳು ಮುರಿಗೆವ್ವ. "ಹೊಳ್ಳಿ ಬರ್ರಿ. ಬರುವಾಗ ಕ್ರೇನೂ ತರ್ರಿ."

"ಮಿಸ್ತ್ರಿ ಏನ್ ಮಾಡಿದ್ನಕ್ಕಾ?"

"ಉಂಡ್ಕೋತ ಹೇಳ್ತೇನಿ."

ಅಷ್ಟರಲ್ಲಿ ರಾಜಶೇಖರ ಬಂದರು. ದ್ಯಾಮಣ್ಣ ಎದ್ದು ನಿಂತ. ಮೂವತ್ತು ವರ್ಷದಲ್ಲಿ ಆಡದ ಮಾತು ಆಡಿದ. "ತಪ್ಪು ನಂದ್ರಿ. ನಕ್ಷಿ ನೋಡ್ಲಿಲ್ಲ. ಕೈಗೆ ರೂಢಿ." ರಾಜಶೇಖರ ಗಡಿಯಾರ ನೋಡಿದರು. ಎರಡೂವರೆ.

ಈ ಸಲ ಅಡ್ಡ ಬಂದವರು ಶಿವಯೋಗೀಶ. "ಪಶ್ಚಿಮಕ್ಕ ಬಾಗಲಾ? ನನ್ನ ಜಾಗಾದಾಗ?"

"ಸಾಹುಕಾರ್ರ," ಎಂದ ದ್ಯಾಮಣ್ಣ, "ಪಶ್ಚಿಮದ ಬಾಗಲಾ ಕಂಬದ್ದು. ಅದರಾಗ ಕರೆಂಟ್ ಒಳಗ ಬರ್ತತಿ, ಅಷ್ಟ. ನಿಮ್ಮ ಮಿಲ್ಲಿಗೆ ಬರೂದು ಇನ್ನೊಂದು ಬಾಗಲದಾಗಿಂದ. ಅದು ಪೂರ್ವಕ್ಕ ಬರ್ತತಿ. ನಿಮಗ ಯಾವ ಬಾಗಲಾ ಬೇಕು ಹೇಳ್ರಿ."

ಶಿವಯೋಗೀಶ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದರು. ಇನ್ನೊಂದು ತೆಂಗಿನಕಾಯಿ ತರಲು ಆಳಿಗೆ ಹೇಳಿದರು. ಮುರಿಗೆವ್ವ ಸೆರಗಿನೊಳಗೆ ನಕ್ಕಳು. ಅವಳಿಗೂ ಆ ಮಾತು ಹೊಳೆಯುತ್ತಿರಲಿಲ್ಲ.

ಖಾಜಾಸಾಬ ಬಂದ. ಪೆಟ್ಟಿಗೆ ಮತ್ತೆ ಎದ್ದಿತು, ತಿರುಗಿತು, ಕೂತಿತು. ಕೇಬಲ್ ಬಾಗಿಲಿಗೆ ಸರಿಯಾಗಿ ಬಂತು. ಒಂದು ಗೇಣು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ಮಿಲ್ಲು ಗುರ್ ಎಂದಿತು. ಅರಳೆ ಹಾರಿ ಎಲ್ಲರ ತಲೆ ಬೆಳ್ಳಗಾಯಿತು. ಖಾಜಾಸಾಬ ಒಂಬತ್ತು ರೊಟ್ಟಿ ಉಂಡ.

ಮರುದಿನ ರಾಜಶೇಖರ ದ್ಯಾಮಣ್ಣನ ಕೈಗೆ ಒಂದು ತಗಡು, ಒಂದು ಡಬ್ಬಿ ಹಳದಿ ಬಣ್ಣ ಕೊಟ್ಟರು. "ಇನ್ನ ಮ್ಯಾಲೆ ಪ್ರತಿ ಪೆಟಗಿ ಮ್ಯಾಲೂ ಯಾವ ಬಾಗಲಾ ಯಾವ ಕಡೆ ಅಂತ ಬರೀರಿ ಮಿಸ್ತ್ರಿ. ನಾ ಇಲ್ಲದಾಗ ನಿಮ್ಮ ಕೈ ಏಳಬಾರದು."

ಮಿಸ್ತ್ರಿ ಎಂದಿದ್ದರು. ಸ್ಟೂಲು ತಪ್ಪಿತು.

ದ್ಯಾಮಣ್ಣ ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ತಗಡಿನಲ್ಲಿ 'ಕಂಬದ ಕಡೆ' ಎಂದು ಅಕ್ಷರ ಕೊರೆದ. ನಡುವಿನ ಅಕ್ಷರ ಎಡಕ್ಕೆ ವಾಲಿತು. ಪ್ರತಿ ಪೆಟ್ಟಿಗೆಗೂ ಅದೇ ತಗಡು ಹಿಡಿದು ಬಣ್ಣ ಒತ್ತಿದರೆ ಮುಗಿಯಿತು. ಫೈಜಾನ ನೋಡಿ, "ಅಕ್ಷರಕ್ಕ ಗಾಳಿ ಬಡದೈತಿ ಕಾಕಾ," ಎಂದ. ಶಿರಗುಪ್ಪಿಯ ತಪ್ಪು ತನ್ನ ಮೇಲೆ ಬರುವುದರಲ್ಲಿತ್ತು ಎಂಬುದು ಅವನಿಗೆ ಇಂದಿಗೂ ಗೊತ್ತಿಲ್ಲ.

ಹೀಗೆ ನಾಲ್ಕು ವರ್ಷ ನಡೆಯಿತು. ದಿನಾ ಸಂಜೆ ಮನೆ. ಬಿಸಿ ರೊಟ್ಟಿ. ಗಡ್ಡ ಇಲ್ಲ. ಮೂವತ್ತು ವರ್ಷದಲ್ಲಿ ಸಿಗದ ಗಂಡ ಆ ನಾಲ್ಕು ವರ್ಷದಲ್ಲಿ ಮುರಿಗೆವ್ವಳಿಗೆ ಸಿಕ್ಕ.

ಆಮೇಲೆ ಹೋದ. ಎದೆನೋವು. ಅದೂ ಒಂದೇ ದಿನದ ಕೆಲಸವಾಯಿತು.

ಹದಿನಾಲ್ಕು ತಿಂಗಳ ಮೇಲೆ, ಮೊನ್ನೆ, ಮುರಿಗೆವ್ವ ಲಕಮನಹಳ್ಳಿ ರಸ್ತೆಯಲ್ಲಿ ಬಸ್ಸಿಗೆ ನಿಂತಿದ್ದಳು. ಶೆಡ್ಡಿನಿಂದ ಟ್ರೇಲರ್ ಹೊರಟಿತು. ಮೇಲೆ ಹೊಸ ಪೆಟ್ಟಿಗೆ. ಅದರ ಮೇಲೆ ಹಳದಿ ಅಕ್ಷರ. ನಡುವಿನದು ಎಡಕ್ಕೆ ವಾಲಿತ್ತು. ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ.

ಟ್ರೇಲರಿನ ಹಿಂದೆ ಕ್ರೇನು. ಖಾಜಾಸಾಬ ನಿಲ್ಲಿಸಿ ತಲೆ ಹೊರಗೆ ಹಾಕಿದ. "ಎಣಗಾಯಿ ಮಾಡೀಯೇನಕ್ಕಾ?" ಎಂದ.

"ಮದಲ ಪೆಟಗಿ ನೆಟ್ಟಗ ಇಟ್ಟು ಬರ್ರಿ," ಎಂದಳು ಮುರಿಗೆವ್ವ. "ಆಮ್ಯಾಲೆ ನೋಡೂಣು."