ಲಿಯಾಂಗ್‌ಜು ಕಪ್ಪು

ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಅಕ್ಕನ ಫೋನಿಗೆ ಒಂದು ಸೂಚನೆ ಬಂತು: ಅವಳ ಮನೆಯ ಗ್ಯಾರೇಜಿನ ಬಾಗಿಲು ಮುಚ್ಚಿದೆ. ನಾವಿಬ್ಬರೂ ಆಗ ಸಾಂಟಾ ಕ್ಲಾರಾದಲ್ಲಿ, ಎಲ್ ಕಮೀನೋ ರಸ್ತೆಯ ಇಂಡಿಯನ್ ಗ್ರೋಸರಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದೆವು. ಅಕ್ಕನಿಗೆ ಖುಷಿಯಾಯಿತು.

“ಅಂತೂ ನಿನ್ ಭಾವನ ಹೊಗೆ ಸೇವೆ ಮುಗೀತು ಕಣೇ. ಬಾಗಿಲು ಹಾಕಿದಾರೆ. ನಡಿ, ಆರಾಮಾಗಿ ಒಂದು ಕಾಫಿ ಕುಡಿದು ಹೋಗೋಣ.”

ಚಿಪ್ ಕಂಪನಿಯಿಂದ ನಿವೃತ್ತರಾದ ಮೇಲೆ ಭಾವನಿಗೆ ಹಿಡಿದದ್ದು ಲಿಯಾಂಗ್‌ಜು ಹುಚ್ಚು. ಸುಮಾರು ಐದು ಸಾವಿರ ವರ್ಷಗಳ ಹಿಂದೆ, ಚೀನಾದ ಪೂರ್ವದ ಜೌಗು ನೆಲದಲ್ಲಿ ಭತ್ತ ಬೆಳೆದು, ಅಣೆಕಟ್ಟು ಕಟ್ಟಿ ಬಾಳಿದ ಜನ ಈ ಲಿಯಾಂಗ್‌ಜುವಿನವರು. ಲೋಹದ ಉಪಕರಣವಿಲ್ಲದೆ, ಬರೀ ದಾರ ಮತ್ತು ಒದ್ದೆ ಮರಳಿನಿಂದ ಉಜ್ಜಿ ಜೇಡ್ ಎಂಬ ಗಟ್ಟಿ ಹಸಿರು ಕಲ್ಲನ್ನು ಕೊಯ್ದವರು. ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಂ ಒಂದರಲ್ಲಿ ಆ ಜೇಡ್ ನೋಡಿ ಬಂದ ವಾರವೇ ಭಾವ ದಾರ, ಮರಳು, ಒಂದು ಕಲ್ಲು ಹಿಡಿದು ಕೂತರು. ತಿಂಗಳುಗಟ್ಟಲೆ ಉಜ್ಜಿದರೂ ಕಲ್ಲಿನ ಮೇಲೆ ಮೂಡಿದ್ದು ಒಂದು ಗೀರು.

“ಆ ಜನ ಬಂದ್ರು, ಊರು ಕಟ್ಟಿದ್ರು, ಮುಳುಗಿಯೂ ಹೋದ್ರು. ನಿಮ್ದಿನ್ನೂ ಒಂದೇ ಗೀರು!” ಎಂದು ಅಕ್ಕ ಆಡಿಕೊಂಡಳು. ಭಾವ ಕಲ್ಲು ಬಿಟ್ಟು ಮಣ್ಣು ಹಿಡಿದರು.

ಲಿಯಾಂಗ್‌ಜು ಮಡಕೆ ತೆಳ್ಳಗೆ, ಕಪ್ಪಗೆ, ಮಿರಮಿರ ಹೊಳೆಯುತ್ತದೆ. ಆ ಕಪ್ಪು ಬಳಿದ ಬಣ್ಣವಲ್ಲ. ಸುಡುವಾಗ ಬೆಂಕಿಗೆ ಗಾಳಿ ಸಿಗದಂತೆ ಮಾಡಿದರೆ ಹೊಗೆಯ ಇಂಗಾಲ ಮಣ್ಣಿನೊಳಗೆ ಇಳಿಯುತ್ತದೆ. ಮನೆಯಲ್ಲಿ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿಯಿಂದ ಭಾವ ಭತ್ತದ ಹೊಟ್ಟು ತಂದಿದ್ದರು. ಕಬ್ಬಿಣದ ಡ್ರಮ್ಮಿನಲ್ಲಿ ಹೊಟ್ಟು ತುಂಬಿ, ನಡುವೆ ಮಡಕೆ ಹುದುಗಿಸಿ, ಮೇಲಿನಿಂದ ಕಿಚ್ಚಿಟ್ಟು ಮುಚ್ಚಳ ಹಾಕುವುದು ಅವರ ಕ್ರಮ. ಹೊಟ್ಟು ರಾತ್ರಿಯವರೆಗೂ ಒಳಗೊಳಗೇ ಉರಿಯಬೇಕು ಎಂದು ಅವತ್ತು ಬೆಳಿಗ್ಗೆಯೇ ನನಗೆ ಹೇಳಿದ್ದರು.

ಬೆಂಡೆಕಾಯಿ ಕೈಯಲ್ಲಿರುವಾಗ ಅದು ನೆನಪಾಯಿತು. ರಾತ್ರಿಯವರೆಗೂ ಉರಿಯಬೇಕಾದದ್ದು ನಾಲ್ಕಕ್ಕೆ ಮುಗಿಯುವುದು ಹೇಗೆ?

“ಅಕ್ಕ, ಡ್ರಮ್ಮು ಹಿತ್ತಲಲ್ಲೇ ಇದೆ ತಾನೆ?”

“ಪಕ್ಕದ ಮನೇಲಿ ಮಗೂದು ಬರ್ತ್‌ಡೇ ಅಲ್ವಾ? ಹೊಗೆ ಅವರ ಕಡೆ ಹೋದ್ರೆ ಚೆನ್ನಾಗಿರಲ್ಲ, ತಳ್ಳೋ ಗಾಡೀಲಿಟ್ಟು ಗ್ಯಾರೇಜಿಗೆ ತರ್ತೀನಿ ಅಂತಿದ್ರು.”

ನಾನು ಭಾವನಿಗೆ ಫೋನು ಮಾಡಿದೆ. ಬಹಳ ಹೊತ್ತಿನ ಮೇಲೆ ಎತ್ತಿಕೊಂಡರು.

“ಭಾವ, ಬಾಗಿಲು ತೆಗೀರಿ. ಈಗಲೇ ಹೊರಗೆ ಬನ್ನಿ.”

“ಬರ್ತೀನಮ್ಮ… ಸ್ವಲ್ಪ ತಲೆನೋವು, ಕೂತಿದೀನಿ. ಈ ಸಲ ಕಪ್ಪು… ತುಂಬಾ…”

ಫೋನು ನೆಲಕ್ಕೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ.

ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಕೆಲಸ ಮಾಡುವ ನನಗೆ ಮುಂದಿನದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಉಸಿರುಗಟ್ಟಿದ ಬೆಂಕಿ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕೆ ರಕ್ತದಲ್ಲಿ ಇರುವ ಜಾಗವನ್ನು ಅದು ಹಿಡಿದು ಕೂರುತ್ತದೆ. ಮಡಕೆ ಕಪ್ಪಾಗುವುದಕ್ಕೂ ಭಾವ ಕುಸಿಯುವುದಕ್ಕೂ ಕಾರಣ ಒಂದೇ.

“ಫೋನಿಂದಲೇ ಬಾಗಿಲು ತೆಗೆಯಕ್ಕಾಗುತ್ತಾ ಅಕ್ಕ? ತೆಗಿ!”

ಆಗುತ್ತಿತ್ತು. ಆದರೆ ಫೋನು ಅವಳ ಮುಖವನ್ನು ಗುರುತಿಸಲಿಲ್ಲ. ಅವಳು ಆಗಲೇ ಅಳುತ್ತಿದ್ದಳು. ಪಾಸ್‌ಕೋಡ್ ಎರಡು ಸಲ ತಪ್ಪಿತು. ಮೂರನೆಯ ಸಲ ‘ಬಾಗಿಲು ತೆರೆಯುತ್ತಿದೆ’ ಎಂದು ಬಂತು. ಅಷ್ಟರಲ್ಲಿ ನಾನು ತುರ್ತು ಸಹಾಯದ 911ಕ್ಕೆ ವಿಳಾಸ ಹೇಳುತ್ತಿದ್ದೆ. ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದೆವು.

ನಾವು ತಲುಪುವಾಗ ಭಾವ ಮನೆಯ ಮುಂದಿನ ಹುಲ್ಲಿನ ಮೇಲೆ ಮಲಗಿದ್ದರು. ಮುಖದ ಮೇಲೆ ಆಕ್ಸಿಜನ್ ಮಾಸ್ಕು. ಬಾಗಿಲು ತಾನಾಗಿ ಮೇಲೆದ್ದದ್ದನ್ನೂ ಒಳಗೆ ಕುರ್ಚಿಯಿಂದ ಜಾರಿ ಬಿದ್ದಿದ್ದ ಭಾವನನ್ನೂ ಪಕ್ಕದ ಮನೆಯಾತ ನೋಡಿ, ಎಳೆದು ಹೊರಗೆ ತಂದಿದ್ದ. ಅವನ ತಲೆಯ ಮೇಲೆ ಇನ್ನೂ ಮಗುವಿನ ಪಾರ್ಟಿಯ ಕಾಗದದ ಕಿರೀಟವಿತ್ತು.

ಆಸ್ಪತ್ರೆಯಲ್ಲಿ ಭಾವನಿಗೆ ಪೂರ್ತಿ ಎಚ್ಚರವಾದಾಗ ಅಕ್ಕನನ್ನು ಕೇಳಿದ ಮೊದಲ ಪ್ರಶ್ನೆ, “ಮಡಕೆ ಹೇಗೆ ಬಂತು?”

“ನಿಮ್ ತಲೆ ಬಂತು!” ಎಂದಳು ಅಕ್ಕ. ಆಮೇಲೆ ಅವರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಅವರು ಮನೆಗೆ ಬಂದರು, ಹುಷಾರೂ ಆದರು. ನಿದ್ದೆ ಇಲ್ಲವಾದದ್ದು ನನಗೆ. ಕಣ್ಣು ಮುಚ್ಚಿದರೆ ‘ಆರಾಮಾಗಿ ಒಂದು ಕಾಫಿ’ ಎಂಬ ಮಾತು ಕೇಳುತ್ತಿತ್ತು. ಆ ಕಾಫಿಯನ್ನು ನಾವು ಕುಡಿದಿದ್ದರೆ? ಪ್ರತಿ ರಾತ್ರಿ ಮನಸ್ಸಿನಲ್ಲೇ ಅದನ್ನು ಕುಡಿದು ಮುಗಿಸಿ, ನಿಧಾನವಾಗಿ ಕಾರು ಓಡಿಸಿ, ಮುಚ್ಚಿದ ಬಾಗಿಲ ಮುಂದೆ ಇಳಿಯುತ್ತಿದ್ದೆ.

ಡ್ರಮ್ಮನ್ನು ಎಸೆಯಬೇಕೆಂದಳು ಅಕ್ಕ. ಭಾವ ಮಣ್ಣು ಮುಟ್ಟುವುದನ್ನೇ ಬಿಟ್ಟು ಟಿವಿ ಮುಂದೆ ಕೂತರು. ಎಸೆಯುವುದು ಬೇಡವೆಂದು ಹಟ ಹಿಡಿದವಳು ನಾನು. ತಪ್ಪು ಬೆಂಕಿಯದಲ್ಲ, ಮುಚ್ಚಿದ ಬಾಗಿಲಿನದು. ಲಿಯಾಂಗ್‌ಜು ಜನ ಗಾಳಿಯನ್ನು ಕಟ್ಟಿಹಾಕಿದ್ದು ಮಡಕೆಗೆ, ತಮಗಲ್ಲ. ಅವರು ಅಷ್ಟು ತಲೆಮಾರು ಉಳಿದು ಅಷ್ಟೊಂದು ಮಡಕೆ ಮಾಡಿದ್ದೇ ಅದಕ್ಕೆ ಸಾಕ್ಷಿ ಎಂದು ನಾನು ಇಂದಿಗೂ ನಂಬುತ್ತೇನೆ.

“ನೀನೂ ಅವರ ಪಾರ್ಟಿ ಸೇರ್ಕೊಂಡ್ಯಾ?” ಎಂದಳು ಅಕ್ಕ.

“ಸೇರ್ಕೊಂಡೆ. ಪೂರ್ತಿ ಹೊತ್ತು ಪಕ್ಕದಲ್ಲೇ ಕೂತಿರ್ತೀನಿ.”

ಮಳೆ ಬಿದ್ದು ನೆಲ ಒದ್ದೆಯಾಗಿದ್ದ ಒಂದು ಭಾನುವಾರ, ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಹಿತ್ತಲಿನ ನಟ್ಟನಡುವೆ ಡ್ರಮ್ಮು ಇಟ್ಟೆವು. ಗಾಳಿ ಬರುವ ಕಡೆ ಭಾವನ ಕುರ್ಚಿ, ಅದರ ಪಕ್ಕ ನನ್ನದು. ಅಕ್ಕ ಉಪ್ಪಿಟ್ಟು ತಂದುಕೊಟ್ಟು, “ಇಬ್ಬರೂ ಉಸಿರಾಡ್ತಿದೀರಾ?” ಎಂದು ಗಳಿಗೆಗೊಮ್ಮೆ ಅಡುಗೆಮನೆ ಕಿಟಕಿಯಿಂದ ಕೂಗುತ್ತಿದ್ದಳು. ಕತ್ತಲಾಗುವಾಗ ಬೂದಿಯೊಳಗಿಂದ ತೆಗೆದ ಮಡಕೆ ಅರ್ಧ ಕಪ್ಪು, ಅರ್ಧ ಬೂದು. ಬಾಯಿಯ ಬಳಿ ಸೀಳು ಬಿಟ್ಟಿತ್ತು. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಹೊಟ್ಟು ಸ್ವಲ್ಪ ಜಾಸ್ತಿ ಬೇಕಿತ್ತು,” ಎಂದರು.

ನಾನು ನನ್ನ ಮನೆಗೆ ಹೋಗಿ ಮಲಗಿದೆ. ಎಚ್ಚರವಾದಾಗ ಕೋಣೆಯ ತುಂಬ ಬಿಸಿಲು, ಫೋನಿನಲ್ಲಿ ಅಕ್ಕ.

“ಎಷ್ಟು ಸಲ ಫೋನು ಮಾಡೋದೇ? ಎದೆ ಒಡೆದುಹೋಯ್ತು ನಂಗೆ. ಏನಾಯ್ತು?”

“ಏನಿಲ್ಲ ಅಕ್ಕ,” ಎಂದೆ. “ನಿದ್ದೆ ಬಂದ್ಬಿಟ್ಟಿತ್ತು.”