ಆರು ವಾರ ಕಾದ ದವಡೆ ಹಲ್ಲು

ಮಗಳಿಗೆ ಎಂಟು ವರ್ಷವಾಗಿದ್ದಾಗ ಅವಳ ಕೆಳದವಡೆಯ ಹಿಂದಿನ ಹಲ್ಲಿನಲ್ಲಿ ಜೋಳದ ಕಾಳು ಕೂರುವಷ್ಟು ತೂತು ಬಿದ್ದಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು, ನಾವು ಖಾನಾಪುರದಲ್ಲಿದ್ದೆವು. ಗಂಡ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗೆ ಬೆಳಗಿನ ಬಸ್ಸಿಗೆ ಹೋದರೆ ಮನೆಗೆ ಬರುತ್ತಿದ್ದುದು ದೀಪ ಹಚ್ಚಿದ ಮೇಲೆ. ಮನೆಯಲ್ಲಿ ನಡೆಯುತ್ತಿದ್ದುದು ಅತ್ತೆಯ ಮಾತು.

"ಹಾಲಹಲ್ಲ ಅದು. ಕಿತ್ತ ಒಗದ್ರ ಮತ್ತ ಬರತೈತಿ," ಅಂದರು ಅತ್ತೆ. ಸಂತೆಯಲ್ಲಿ ಇಕ್ಕಳ ಹಿಡಿದು ಹಲ್ಲು ಕೀಳುವವನೊಬ್ಬ ಕೂರುತ್ತಿದ್ದ. ಅವನ ಬಳಿ ಒಯ್ಯುವುದೆಂದು ಗಂಡನೂ ಒಪ್ಪಿದರು. ಆದರೆ ಆ ಹಲ್ಲು ಉಳಿದ ಹಲ್ಲುಗಳ ಹಿಂದೆ, ಎರಡು ವರ್ಷದ ಕೆಳಗಷ್ಟೇ ಹೊಸದಾಗಿ ಮೂಡಿದ್ದು ನನಗೆ ನೆನಪಿತ್ತು. ಕಿತ್ತ ಮೇಲೆ ಬಾರದೇ ಹೋದರೆ? ಸಂತೆಗೆ ಎರಡು ದಿನವಿರುವಾಗ, ಹಿಂಡಲಗಾದ ತವರಿಗೆ ಹೋಗಿಬರುತ್ತೇನೆಂದು ಸುಳ್ಳು ಹೇಳಿ, ಮಗಳ ಕೈ ಹಿಡಿದು ಬೆಳಗಾವಿಯ ಹಲ್ಲಿನ ಡಾಕ್ಟರಬಾಯಿಯ ಬಳಿ ಹೋದೆ.

ಆಕೆ ಸಣ್ಣ ಕನ್ನಡಿ ಹಿಡಿದು ನೋಡಿದರು. "ಅಕ್ಕಾರ, ಇದು ಹಾಲಹಲ್ಲಲ್ಲ. ಆರನೇ ವರ್ಷಕ್ಕ ಬರೂ ಕಾಯಂ ಹಲ್ಲ. ಹೋದ್ರ ಮತ್ತ ಬರೂದಿಲ್ಲ."

ಮೊದಲು ಯಂತ್ರದಿಂದ ಕೊರೆದರು, ಆಮೇಲೆ ಚಮಚದಂಥ ಪುಟ್ಟ ಸಲಕರಣೆಯಿಂದ ಕೆರೆದರು. ಒಂದು ಹಂತಕ್ಕೆ ಕೈ ನಿಲ್ಲಿಸಿದರು.

"ತಳಕ್ಕ ಇನ್ನೂ ಮೆತ್ತಗ ಐತಿ. ಅದನ್ನೂ ತಗದ್ರ ನರ ಬಯಲಿಗೆ ಬರತೈತಿ. ಅಷ್ಟ ಬಿಟ್ಟು ಔಷಧ ಹಾಕಿ ಮುಚ್ಚತೀನಿ. ಒಳಗ ಹಲ್ಲು ತಾನ ಗಟ್ಟಿ ಆಗಬಹುದು."

"ಆಗಲಿಲ್ಲಂದ್ರ?"

"ನೋವು, ಬಾವು ಬಂದ್ರ ಕೀಳಬೇಕಾಗ್ತದ. ಆರು ವಾರ ನೋಡೂಣು. ಸಿಹಿ ಏನಿದ್ರೂ ಊಟದ ಜೋಡಿ ಕೊಡ್ರಿ, ನಡುನಡುವ ಬ್ಯಾಡ. ಮಲಗೂ ಮುಂದ ಹಲ್ಲು ತಿಕ್ಕಸ್ರಿ."

ಮನೆ ಹೊಕ್ಕ ಕೂಡಲೇ ಮಗಳ ಬಾಯಿಂದ ಬರುತ್ತಿದ್ದ ಔಷಧದ ಲವಂಗದೆಣ್ಣೆಯ ವಾಸನೆ ಗುಟ್ಟು ಬಿಟ್ಟುಕೊಟ್ಟಿತು; ಅತ್ತೆ ಕೇಳಿದಾಗ ನಡೆದದ್ದನ್ನೆಲ್ಲ ಹೇಳಿದೆ. "ಹುಳುಕ ಒಳಗ ಇಟ್ಟು ಮುಚ್ಚಿಸ್ಕೊಂಡ ಬಂದಾಳ!" ರಾತ್ರಿ ಅತ್ತೆ ಮಗನೆದುರು ಕೂಗಾಡಿದರು. ಗಂಡ ನನ್ನ ಮುಖ ನೋಡದೆ, "ಹುಡುಗಿ ಮಾರಿ ಬಾತ್ರ ನೀನ ಜವಾಬ್ದಾರಿ," ಅಂದರು.

ಅಂದಿನಿಂದ ಬೆಳಗೆದ್ದು ನಾನು ಮೊದಲು ಮುಟ್ಟುತ್ತಿದ್ದುದು ಮಗಳ ಕೆನ್ನೆ. ಬಿಸಿ ಇದೆಯೇ, ಊದಿದೆಯೇ? ಅತ್ತೆ ಹೇಳಿದ್ದೇ ಖರೆಯಾದರೆ?

ನಾಲ್ಕನೇ ವಾರ ರೊಟ್ಟಿ ತಿನ್ನುತ್ತಿದ್ದವಳು ತುತ್ತು ಬಿಟ್ಟು ದವಡೆ ಹಿಡಿದುಕೊಂಡಳು. ಅತ್ತೆ ಹಿತ್ತಲಲ್ಲಿದ್ದರು.

"ನೋವಾಗಾಕತ್ತೈತೇನು?"

ಇಲ್ಲವೆಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರು. ಮೂರು ಸಲ ಕೇಳಿದ ಮೇಲೆ ಪಿಸುಗುಟ್ಟಿದಳು, "ಎರಡು ದಿನ ಆತವ್ವಾ. ಹೇಳಿದ್ರ ಕೀಳತಾರ."

ಸುಳ್ಳು ಹೇಳುವ ಧೈರ್ಯ ಮತ್ತೆ ಬರಲಿಲ್ಲ. ಬೆಳಗಾವಿಗೆ ಹೊಂಟೀನಿ ಎಂದಷ್ಟೇ ಅತ್ತೆಗೆ ಕೂಗಿ ಹೇಳಿ ಹೊರಟೆ. ದಾರಿಯುದ್ದಕ್ಕೂ ಅವಳ ಕೈ ನನ್ನ ಕೈಯಲ್ಲಿ ಬೆವರುತ್ತಿತ್ತು, ಅಥವಾ ನನ್ನದು ಅವಳ ಕೈಯಲ್ಲಿ. ಡಾಕ್ಟರಬಾಯಿ ಹಲ್ಲನ್ನು ಮೆಲ್ಲಗೆ ಬಡಿದು ನೋಡಿದರು, ತಣ್ಣೀರು ಸೋಕಿಸಿದರು. ಆಮೇಲೆ ಎರಡು ಹಲ್ಲಿನ ಸಂದಿಯಿಂದ, ವಸಡಿಗೆ ಚುಚ್ಚಿಕೊಂಡಿದ್ದ, ಊಟದ ಮೇಲೆ ಅಗಿಯುವ ಬಡೇಸೋಪಿನ ಚೂರೊಂದನ್ನು ಕಿತ್ತು ತೋರಿಸಿದರು. "ಇದರದ್ದ ನೋವು. ಹಲ್ಲಿಗೆ ಏನೂ ಆಗಿಲ್ಲ. ಇನ್ನೆರಡು ವಾರ."

ಆರು ವಾರ ತುಂಬಿದ ದಿನ ಔಷಧ ತೆಗೆದು ತಳವನ್ನು ಕೆರೆಯುತ್ತ, "ಕೇಳ್ರಿ," ಅಂದರು. ಕರ್ ಕರ್ ಎಂದು ಒಣ ಸದ್ದು. ಮೊದಲ ಸಲ ಮೆತ್ತನೆಯ ಹುಡಿ ಬಂದಿದ್ದ ಜಾಗ ಕಪ್ಪಾಗಿ, ಗಟ್ಟಿಯಾಗಿತ್ತು. ಅದರ ಮೇಲೆ ಬೆಳ್ಳಿ ತುಂಬಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಮಗಳ ಕೆನ್ನೆ ಮುಟ್ಟಿದೆ.

ಮನೆಯಲ್ಲಿ ಅತ್ತೆ ಮೊಮ್ಮಗಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಬಾಯಿ ತೆರೆಸಿ ಬಹಳ ಹೊತ್ತು ನೋಡಿದರು.

"ನನ್ನವು ಎಲ್ಲಾ ಕೀಳಿಸಿದ್ರು," ಅಂದರು ಕೊನೆಗೆ. "ಉಳಸಾಕ ಬರತೈತಂತ ಯಾರೂ ಹೇಳಲಿಲ್ಲ."

"ಅವತ್ತ ಸುಳ್ಳ ಹೇಳಿ ಹೋದದ್ದು ತಪ್ಪಾತ್ರಿ, ಅತ್ತಿ," ಅಂದೆ. ಅವರು ನನ್ನ ಕೈ ಹಿಡಿದು ತಮ್ಮ ಬಾಜು ಕೂರಿಸಿಕೊಂಡರು.