ಮೊದಲ ಕೊಪ್ಪರಿಗೆಯ ಮುಂದೆ

ಈ ಮಾತನ್ನು ಬರೆಯುವುದನ್ನು ಮುಂದೂಡುತ್ತಲೇ ಬಂದಿದ್ದೇನೆ. ಕಣ್ಣಿನ ಆಪರೇಷನ್ ಆಗಲಿ ಎಂದೆ, ಆಯಿತು. ಭತ್ತದ ಕಟಾವು ಮುಗಿಯಲಿ ಎಂದೆ, ಮುಗಿಯಿತು. ಎರಡು ಸಲ ಶುರು ಮಾಡಿ, ಎರಡು ಸಲವೂ ನಮ್ಮ ಆಲೆಮನೆಯ ಹೊಗೆ, ಬಿಸಿ ಬೆಲ್ಲದ ರುಚಿ ಇಂಥವನ್ನೇ ಪುಟಗಟ್ಟಲೆ ಬರೆದು, ವಿಷಯ ಹತ್ತಿರ ಬಂದಾಗ ಪೆನ್ನು ಮುಚ್ಚಿಟ್ಟೆ. ಆ ಪುಟಗಳನ್ನು ಓದಿದವರಿಗೆ ನಾನೊಬ್ಬ ಒಳ್ಳೆಯ ಮುದುಕ ಎಂದು ಅನ್ನಿಸುತ್ತಿತ್ತು. ಅದಕ್ಕೇ ಹರಿದು ಹಾಕಿದೆ.

ಮದ್ದೂರಿನಲ್ಲಿ ಹೈಸ್ಕೂಲು ಮುಗಿಸಿ ಗದ್ದೆಗೆ ಇಳಿದವನು ನಾನು. ನಮ್ಮೂರು ಅದೇ ತಾಲ್ಲೂಕಿನ ಕೊಪ್ಪದ ಕಡೆ. ಕಾಲುವೆ ಏರಿಗೆ ಅಂಟಿಕೊಂಡ ಹಾಗೆ ನಮ್ಮ ಆಲೆಮನೆ. ಅಲ್ಲಿ ಗಾಣಕ್ಕೆ ಕಬ್ಬು ಕೊಡುವುದಕ್ಕೆ, ಒಲೆಗೆ ಸಿಪ್ಪೆ ತಳ್ಳುವುದಕ್ಕೆ, ಅಚ್ಚಿಗೆ ಬೆಲ್ಲ ಸುರಿಯುವುದಕ್ಕೆ ಯಾರಾದರೂ ಆಗುತ್ತದೆ. ಹದ ನೋಡುವುದಕ್ಕೆ ಮಾತ್ರ ಯಾರೆಂದರೆ ಅವರು ಆಗುವುದಿಲ್ಲ. ಕುದಿಯುವ ಪಾಕವನ್ನು ಒಂದಿಷ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಟಿ, ಇಳಿಸಿ ಎಂದು ಹೇಳಬೇಕು. ತುಸು ಮೊದಲು ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ. ತುಸು ತಡವಾದರೆ ಕಪ್ಪಾಗಿ ಕಹಿಯಾಗುತ್ತದೆ. ಆ ಒಂದು ಮಾತು ಹೇಳುವವನಿಗೆ ಆಲೆಮನೆಯಲ್ಲಿ ಇರುವ ಮರ್ಯಾದೆ ಯಜಮಾನನಿಗೂ ಇಲ್ಲ.

ನಮ್ಮ ಮನೆಯಲ್ಲಿ ಆ ಕೈ ನನ್ನ ಅಣ್ಣನದಾಗಿತ್ತು. ಜ್ವರ ಬಂದು ಹತ್ತೇ ದಿನದಲ್ಲಿ ಅವನು ಹೋದ. ಅಪ್ಪ ನನ್ನನ್ನು ಕರೆದು, 'ಇನ್ಮೇಲೆ ಹದ ನಿಂದು ಕಣ್ಲಾ' ಎಂದರು. ನನಗೆ ಆಗ ಮೂವತ್ತು ದಾಟಿತ್ತು. ದುಃಖದಲ್ಲಿಯೂ ಒಳಗೊಳಗೇ ಹಿಗ್ಗಿದ್ದು ನೆನಪಿದೆ.

ಹದ ನನಗಿಂತ ಚೆನ್ನಾಗಿ ಗೊತ್ತಿದ್ದದ್ದು ಅತ್ತಿಗೆಗೆ. ಅಣ್ಣನ ಮದುವೆಯಾದ ಹೊಸತರಲ್ಲಿ ಆಳುಗಳು ಸಿಗದ ಒಂದು ವರ್ಷ, ಅಣ್ಣ ಮನೆಯ ಹಿತ್ತಲಲ್ಲೇ ಸಣ್ಣ ಕೊಪ್ಪರಿಗೆ ಇಟ್ಟು ಬೆಲ್ಲ ಮಾಡಿದ್ದ. ಆಗ ಅವಳು ಕಲಿತದ್ದು. ಬೆರಳು ಅದ್ದುವುದೇ ಬೇಡ, ಗುಳ್ಳೆ ಏಳುವ ಸದ್ದಿನಲ್ಲಿ, ವಾಸನೆಯಲ್ಲಿ ಹೇಳಿಬಿಡುತ್ತಾಳೆ ಎಂದು ಅಣ್ಣ ನಗುತ್ತಾ ಹೇಳುತ್ತಿದ್ದ. ಆದರೆ ಅವಳು ಆಲೆಮನೆಯ ಒಳಗೆ ಬರುವ ಹಾಗಿರಲಿಲ್ಲ. ಒಲೆಯ ಮುಂದೆ ಒಂದು ಕಲ್ಲುಕಂಬ. ಕೊಪ್ಪರಿಗೆಗೆ ಕಬ್ಬಿನ ಹಾಲು ಬಿಟ್ಟ ಮೇಲೆ ಹೆಂಗಸರು ಆ ಕಂಬ ದಾಟಬಾರದು. ವರ್ಷದ ಮೊದಲ ಕೊಪ್ಪರಿಗೆಯ ದಿನವಂತೂ ಗಂಡ ಸತ್ತವಳು ಅದರ ಕಣ್ಣಿಗೂ ಬೀಳಬಾರದು. ದಾಟಿದರೆ ಪಾಕ ಒಡೆದು ಕೆಡುತ್ತದೆ ಎನ್ನುತ್ತಿದ್ದರು. ಯಾರು ಮಾಡಿದ ಪದ್ಧತಿ ಎಂದು ನಾನು ಕೇಳಲಿಲ್ಲ. ಅಪ್ಪನೂ ಕೇಳಿರಲಿಕ್ಕಿಲ್ಲ.

ಅಣ್ಣ ಹೋದ ವರ್ಷದ ಮೊದಲ ಕೊಪ್ಪರಿಗೆ. ಪೂಜೆ ಮಾಡಿ ಒಲೆ ಹಚ್ಚಿದ್ದೆವು. ಅಪ್ಪ, ಯಲಿಯೂರಿನಿಂದ ಬಂದಿದ್ದ ನಮ್ಮ ಸೋದರಮಾವ, ಮಂಡ್ಯದ ಬೆಲ್ಲದ ವ್ಯಾಪಾರಿ, ಆಳುಗಳು, ಎಲ್ಲ ಸೇರಿ ಹತ್ತು ಹನ್ನೆರಡು ಜನ. ನಾನು ಕೊಪ್ಪರಿಗೆಯ ಪಕ್ಕ ನಿಂತು ವ್ಯಾಪಾರಿಯ ಹತ್ತಿರ ಜಂಬ ಕೊಚ್ಚುತ್ತಿದ್ದೆ. ಈ ವರ್ಷ ನಮ್ಮ ಬೆಲ್ಲದ ಬಣ್ಣ ನೋಡಿ, ಕೆರಗೋಡಿನವರೂ ಬಂದು ಕೇಳಬೇಕು ಎಂದೆಲ್ಲ. ಕಣ್ಣು ಅವನ ಮುಖದ ಮೇಲಿತ್ತು, ಪಾಕದ ಮೇಲಿರಲಿಲ್ಲ.

ನನ್ನ ಹೆಂಡತಿ ಬಾಣಂತಿ. ಅದಕ್ಕೇ ಊಟದ ಮಂಕರಿ ಹೊತ್ತು ಬಂದವಳು ಅತ್ತಿಗೆ. ಕಾಲುವೆ ಏರಿಯ ಮೇಲೆ ಮಂಕರಿ ಇಳಿಸಿ ಕೂಗಿ ಹೇಳಿ ಹೋಗಬೇಕಾಗಿತ್ತು. ಅವಳು ಹೋಗಲಿಲ್ಲ. ಸರಸರ ನಡೆದುಕೊಂಡು ಬಂದು, ಕಂಬ ದಾಟಿ ಈಚೆಗೇ ನಿಂತಳು.

'ಇಳ್ಸಪ್ಪ, ಮೀರೋಯ್ತಾ ಅದೆ. ಬೇಗ ಇಳ್ಸು.'

ಎಲ್ಲರೂ ತಿರುಗಿ ನೋಡಿದರು. ಮಾವ ನಕ್ಕು, 'ಏನ್ಲಾ, ಹದ ನೋಡಾಕೆ ಅತ್ತಿಗೇನ ಕರ್ಸ್ಕಂಡಿದ್ದೀಯಾ? ಮೊದ್ಲೇ ಹೇಳಿದ್ರೆ ನಾವೂ ಅವಳ್ನೇ ಕೇಳ್ತಿದ್ವಲ್ಲೋ' ಎಂದ. ಆಳುಗಳೂ ನಕ್ಕರು. ವ್ಯಾಪಾರಿ ಮೀಸೆಯಲ್ಲಿ ನಕ್ಕ.

'ನಿನ್ ಕೆಲ್ಸ ನೋಡ್ಕೊ ಓಗು. ಇನ್ನೂ ಆಗಿಲ್ಲ' ಎಂದೆ ನಾನು.

ಬೆರಳು ಅದ್ದಿದರೆ ಅವಳ ಮಾತು ಕೇಳಿ ಅದ್ದಿದ ಹಾಗಾಗುತ್ತದೆ ಎಂದು ಅದ್ದಲಿಲ್ಲ. ಅಷ್ಟೇ ಕಾರಣ. ಬೇಕೆಂದೇ ಸುಮ್ಮನೆ ನಿಂತೆ. ಆಮೇಲೆ ಅದ್ದಿದಾಗ ಪಾಕ ನೀರಿನಲ್ಲಿ ಕಲ್ಲಿನಂತೆ ಟಣ್ ಎಂದಿತು. ಸೀದ ವಾಸನೆ ಎಲ್ಲರ ಮೂಗಿಗೂ ಬಡಿಯಿತು. ಇಳಿಸಿದರೆ ಕರಿಯ ಪಾಕ. ಅಪ್ಪ ನನ್ನ ಮುಖ ನೋಡಿದರು. ಅವರು ಏನಾದರೂ ಕೇಳುವ ಮೊದಲೇ ನನ್ನ ಬಾಯಿ ತೆರೆಯಿತು.

'ಮೊದ್ಲು ಕೊಪ್ಪರ್ಗೆ ಮುಂದೆ ಮುಂಡೆ ಬಂದ್ ನಿಂತ್ರೆ ಇನ್ನೇನಾದಾತು?'

ಆ ಮಾತು ಹೊರಬಿದ್ದ ಕೂಡಲೇ ಎಲ್ಲರಿಗೂ ನಿರಾಳವಾಯಿತು. ಅದನ್ನು ನಾನು ಕಣ್ಣಾರೆ ಕಂಡೆ. ಮಾವ ತಲೆಯಾಡಿಸಿದ. ಅಪ್ಪನ ಮುಖದ ಗಂಟು ಸಡಿಲವಾಯಿತು. ಮಗನಿಗೆ ಕೈ ಬರಲಿಲ್ಲ ಎನ್ನುವುದಕ್ಕಿಂತ ಸೊಸೆ ಮೈಲಿಗೆ ಮಾಡಿದಳು ಎನ್ನುವುದು ಅವರಿಗೆ ನುಂಗಲು ಸುಲಭ. ಅಪ್ಪ ಹೇಳಿದಂತೆ ಅವಳು ಒಲೆಯ ಸುತ್ತ ಸಗಣಿ ಹಾಕಿ ಸಾರಿಸಿದಳು. ಕರ್ಪೂರ ಹಚ್ಚಿದಳು. ತೊಳೆದಿಟ್ಟ ಕೊಪ್ಪರಿಗೆಯ ಹೊರಮೈಗೆ ಹಣೆ ಮುಟ್ಟಿಸಿ, ಹತ್ತು ಜನರ ಮುಂದೆ, 'ತಪ್ಪಾಯ್ತು' ಎಂದಳು. ಏಳುವಾಗ ಹಣೆಯ ಮೇಲೆ ಮಸಿ ಇತ್ತು. ಅದನ್ನು ಒರೆಸಿಕೊಳ್ಳದೆ ಖಾಲಿ ಮಂಕರಿ ತೆಗೆದುಕೊಂಡು ಹೋದಳು.

ಮಾರನೆಯ ಬೆಳಗ್ಗೆ ಎಂದಿನಂತೆ ನನಗೆ ರೊಟ್ಟಿ ಹಾಕಿದಳು.

ಆಮೇಲೆ ನಾನು ಹದಗಾರನಾಗಿ ಹೆಸರು ಮಾಡಿದೆ. ಆ ದಿನದ ಭಯದಲ್ಲಿ ಕಣ್ಣು ಕದಲಿಸದೆ ನಿಲ್ಲುವುದನ್ನು ಕಲಿತೆ, ಕೈ ಪಳಗಿತು. ಬೇರೆ ಊರಿನವರು ಬಂದು ಕೇಳಿದಾಗ ಸುಣ್ಣ ಎಷ್ಟು, ಉರಿ ಎಷ್ಟು ಎಂದು ಹೇಳಿಕೊಟ್ಟು, ಕೊನೆಗೆ, 'ಹೆಂಗಸರನ್ನ ಮಾತ್ರ ಹತ್ರ ಬಿಟ್ಕಬೇಡಿ, ನಮ್ಮಲ್ಲಿ ಒಂದ್ಸಲ ಆಗೋಗದೆ' ಎನ್ನುತ್ತಿದ್ದೆ. ನಿಜ ಗೊತ್ತಿದ್ದವನು ನಾನೊಬ್ಬನೇ, ಮತ್ತು ಅವಳು. ಹೇಳಿ ಹೇಳಿ ಎಷ್ಟೋ ವರ್ಷದ ಮೇಲೆ ನನಗೇ ಅದು ನಡೆದದ್ದು ಹಾಗೆಯೇ ಎನ್ನಿಸತೊಡಗಿತು. ನನ್ನ ಸುಳ್ಳು ನಮ್ಮ ಭಾಗದ ಪದ್ಧತಿಗೆ ಒಂದು ಸಾಕ್ಷಿಯಾಗಿ ನಿಂತಿತು. ಈಗ ಯೋಚಿಸಿದರೆ, ಆ ಪದ್ಧತಿ ಹುಟ್ಟಿದ್ದೂ ಹೀಗೆಯೇ ಇರಬೇಕು. ಯಾವ ಕಾಲದಲ್ಲೋ ಯಾರೋ ಒಬ್ಬ ಗಂಡಸು ಪಾಕ ಸೀಸಿಕೊಂಡು, ಸುತ್ತ ನೋಡಿ, ಅಲ್ಲಿ ನಿಂತಿದ್ದ ಒಬ್ಬ ಹೆಂಗಸನ್ನು ತೋರಿಸಿದ. ಅವನ ಮಕ್ಕಳು ಅದನ್ನು ಹಿರಿಯರ ಮಾತು ಎಂದು ಕಾಪಾಡಿಕೊಂಡು ಬಂದರು. ಅವರಲ್ಲಿ ಒಬ್ಬೊಬ್ಬನಿಗೂ ಅದು ಒಮ್ಮೆಯಾದರೂ ಉಪಯೋಗಕ್ಕೆ ಬಂದಿರುತ್ತದೆ. ಇಲ್ಲವಾದರೆ ಇಷ್ಟು ಕಾಲ ಉಳಿಯುತ್ತಿರಲಿಲ್ಲ.

ಈ ಯೋಚನೆ ತಾನಾಗಿ ಬಂದದ್ದಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಹೆಂಡತಿ ತೀರಿಕೊಂಡಳು. ಆಗ ಆಲೆಮನೆಯನ್ನು ಗುತ್ತಿಗೆಗೆ ಕೊಟ್ಟಾಗಿತ್ತು. ಆದರೂ ಮೊದಲ ಕೊಪ್ಪರಿಗೆಗೆ ಹಳೆಯ ಕೈ ಇರಲಿ ಎಂದು ನನ್ನನ್ನೇ ಕರೆಯುತ್ತಿದ್ದರು. ಅವಳು ಹೋಗಿ ತಿಂಗಳೂ ಆಗಿರಲಿಲ್ಲ. ಹೋದೆ, ಬೆರಳು ಅದ್ದಿದೆ, ಇಳಿಸಿ ಎಂದೆ. ಬೆಲ್ಲ ಹೊನ್ನಿನ ಹಾಗೆ ಕಟ್ಟಿತು. ಗುತ್ತಿಗೆದಾರ ಕೈ ಮುಗಿದ. ಹೆಂಡತಿ ಸತ್ತವನು ಮೊದಲ ಕೊಪ್ಪರಿಗೆಗೆ ಕೈಯನ್ನೇ ಇಟ್ಟಿದ್ದಾನೆ, ಪಾಕ ಒಡೆಯಿತೇ ಎಂದು ಒಬ್ಬರೂ ಕೇಳಲಿಲ್ಲ. ನನ್ನಂಥವನನ್ನು ಬೈಯುವುದಕ್ಕೆ ನಮ್ಮ ಭಾಷೆಯಲ್ಲಿ ಒಂದು ಪದವೂ ಇಲ್ಲ. ಕೈಯಲ್ಲಿ ಬಿಸಿ ಬೆಲ್ಲ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದೆ. ಹೆಂಡತಿಯ ನೆನಪಾಯಿತೇನೋ ಎಂದು ಅವರು ನೀರು ಕೊಟ್ಟರು.

ಆ ಚಳಿಗಾಲದಲ್ಲೇ ಮದ್ದೂರಿನಿಂದ ಬಸ್ಸು ಹಿಡಿದು ಮಳವಳ್ಳಿಗೆ ಹೋದೆ. ಅತ್ತಿಗೆ ಅಲ್ಲಿ ಮಗಳ ಮನೆಯಲ್ಲಿದ್ದಳು. ಮಗಳು ಕೆಲಸಕ್ಕೆ ಹೋಗಿದ್ದಳು. ಅತ್ತಿಗೆ ಅಡುಗೆಮನೆಯ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಎದುರಿಗೆ ಕೂತು ನಾಲ್ಕು ಕಾಯಿ ತೆಗೆದುಕೊಂಡೆ.

'ಹುಳ ನೋಡ್ಕಂಡು ಬಿಡ್ಸು. ಕಣ್ ಕಾಣ್ತದಾ?' ಎಂದಳು.

'ಆಪ್ರೇಸನ್ ಮಾಡಿಸ್ಬೇಕು ಅಂದವ್ರೆ.'

'ಮಾಡಿಸ್ಕೊ. ಈ ವಯಸ್ನಾಗೆ ಬಿದ್ರೆ ಎತ್ತೋರಿಲ್ಲ.'

ಒಂದು ಕಾಯಿ ಬಿಡಿಸಿ, 'ಅವತ್ತು ಆಲೆಮನೇಲಿ...' ಎಂದೆ. ಅವಳ ಕೈ ನಿಲ್ಲಲಿಲ್ಲ.

'ಅದನ್ನ ಏಳಾಕೆ ಬಂದ್ಯಾ? ನಾನೇನೋ ಗದ್ದೆ ವಿಸ್ಯ ಅಂದ್ಕಂಡಿದ್ದೆ.'

'ನೀನು ಬರೋ ಹೊತ್ಗೆ...'

'ನಾ ಬರೋ ಹೊತ್ಗೆ ಇನ್ನೂ ಉಳೀತಿತ್ತು ಕಣಪ್ಪ. ವಾಸ್ನೆ ಕಾಲ್ವೆ ಏರಿ ಮೇಲೇ ತಿಳೀತು. ಕಂಬ ದಾಟಬಾರ್ದು ಅಂತ ನಂಗೊತ್ತಿರ್ನಿಲ್ವಾ? ನಿಮ್ಮಣ್ಣ ಇಲ್ದೆ ಮೊದಲ್ನೇ ಸಲ ನೋಡ್ತಾ ಅವ್ನೆ, ಅಷ್ಟು ಜನದ್ ಮುಂದೆ ಮಾನ ಕಳ್ಕಂಡಾನು ಅಂತ ಬಂದೆ.'

ಇದು ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅವಳು ತನ್ನ ತಿಳುವಳಿಕೆ ತೋರಿಸಿಕೊಳ್ಳಲು ಬಂದಳು ಎಂದೇ ತಿಳಿದಿದ್ದೆ. ಏನೋ ಹೇಳಲು ಬಾಯಿ ತೆರೆದೆ. ಅವಳು ಮೊರ ಪಕ್ಕಕ್ಕಿಟ್ಟಳು.

'ನೋಡು, ತಪ್ಪಾಯ್ತು ಅಂತ ಇಲ್ಲಿ ಅನ್ಬೇಡ. ಅಂದ್ರೆ ನಿಂಗೆ ಹಗೂರ ಆಯ್ತದೆ. ಸಂಜೆ ಬಸ್ನಾಗೆ ನೆಮ್ದಿಯಾಗಿ ನಿದ್ದೆ ಮಾಡ್ಕಂಡು ಓಯ್ತೀಯ. ನಂಗೇನಾಯ್ತದೆ? ಅವತ್ತು ಅಂದಿದ್ದು ಹತ್ ಜನದ್ ಮುಂದೆ. ಈಗ ಅಡ್ಗೆಮನೇಲಿ ಏಳ್ತೀಯಾ? ಧೈರ್ಯ ಇದ್ರೆ ಅಲ್ಲೇ ನಿಂತ್ಕಂಡು ಏಳು, ಪಾಕ ಸೀಸ್ದೋನು ನಾನು ಅಂತ. ಇಲ್ದಿದ್ರೆ ಬುಡು, ಸುಮ್ನೆ ಊಟ ಮಾಡ್ಕಂಡು ಓಗು.'

ಊಟ ಮಾಡಿದೆ. ಹಿದುಕಿದ ಅವರೆಯ ಸಾರು. ಎರಡನೇ ಸಲ ಬಡಿಸಿಕೊಂಡೆ ಕೂಡ.

ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಮನುಷ್ಯ ಗೆಲ್ಲಬೇಕಾದದ್ದು ತನ್ನನ್ನು ತಾನೇ ಎಂದು ಎಷ್ಟೋ ಭಾಷಣದಲ್ಲಿ ಕೇಳಿದ್ದೇನೆ. ನನ್ನೊಳಗೆ ಗೆಲ್ಲಬೇಕಾದವನು ಯಾರು, ಸೋಲಬೇಕಾದವನು ಯಾರು ಎಂದು ಹುಡುಕಿದೆ. ನನ್ನ ಮರ್ಯಾದೆ, ನನ್ನ ಶುದ್ಧಿ, ನನ್ನ ಗಂಡಸುತನ, ಇವು ಒಂದೂ ನಾನು ಯೋಚಿಸಿ ಆರಿಸಿಕೊಂಡದ್ದಲ್ಲ. ಪಂಚೆ ಉಡುವುದನ್ನು ಕಲಿತ ಹಾಗೆ ನೋಡಿ ಕಲಿತದ್ದು. ಎಲ್ಲವನ್ನೂ ಬಿಚ್ಚಿಟ್ಟರೆ ಕೆಳಗೆ ನಾನು ಅಂತ ಒಬ್ಬ ಇದ್ದಾನೆಯೇ ಎಂದು ಹೆದರಿಕೆಯಾಯಿತು. ಇದ್ದರೆ ಅವನು ಮುಂದಿನ ಮೊದಲ ಕೊಪ್ಪರಿಗೆಯ ದಿನ ಮಾತಾಡಲಿ ಎಂದು ತೀರ್ಮಾನ ಮಾಡಿದೆ.

ಆ ದಿನ ಬಂತು. ಒಗೆದ ಅಂಗಿ ಹಾಕಿಕೊಂಡು ಹೋದೆ. ಹೇಳಬೇಕಾದದ್ದು ಮೂರೇ ಮಾತು, ಬಾಯಿಪಾಠ ಮಾಡಿದ್ದೆ. ಈಗ ಆಲೆಮನೆಯಲ್ಲಿ ನಮ್ಮೂರ ಆಳುಗಳಿಲ್ಲ, ಉತ್ತರದ ಕಡೆಯಿಂದ ಸಂಸಾರ ಸಮೇತ ಬಂದವರು. ಊರಿನವರೂ ಪೂಜೆಗೆ ಸೇರಿದ್ದರು, ಹತ್ತಕ್ಕಿಂತ ಹೆಚ್ಚೇ ಜನ. ಹದ ಬರುವ ಹೊತ್ತಿಗೆ ಒಬ್ಬ ಆಳಿನ ಹೆಂಡತಿ, ಕಂಕುಳಲ್ಲಿ ಕೂಸು, ಕಂಬ ದಾಟಿ ಬಂದು ಗಂಡನಿಗೆ ನೀರಿನ ಬಾಟಲಿ ಕೊಡುತ್ತಿದ್ದಳು.

'ಏಯ್, ಆ ಕಡೆ ಓಗಮ್ಮ! ಇಲ್ಲೆಲ್ಲ ಬರಬಾರ್ದು!'

ಯಾರೋ ಕೂಗಿದರು. ಎಲ್ಲರೂ ನನ್ನ ಕಡೆ ನೋಡಿ ತಲೆಯಾಡಿಸಿದಾಗಲೇ ಕೂಗಿದವನು ನಾನು ಎಂದು ತಿಳಿದದ್ದು. ಆ ಹೆಣ್ಣಿಗೆ ಕನ್ನಡ ಬರುವುದಿಲ್ಲ, ನಕ್ಕಳು. ಗುತ್ತಿಗೆದಾರ ಹಿಂದಿಯಲ್ಲಿ ಗದರಿಸಿದ. ಅವಳ ನಗು ನಿಂತಿತು. ಏನು ತಪ್ಪಾಯಿತೆಂದು ತಿಳಿಯದೆ, ಕೂಸನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು.

'ದೊಡ್ಡೋರು ಇದ್ರೆ ಹಿಂಗೆ ನೋಡಿ, ಎಲ್ಲಾ ಶಿಸ್ತಾಗಿರ್ತದೆ' ಎಂದ ಒಬ್ಬ.

ಆಗಲೂ ಹೇಳಬಹುದಾಗಿತ್ತು. ಬಾಯಿಪಾಠ ಮಾಡಿದ ಮೂರು ಮಾತೂ ನೆನಪಿನಲ್ಲಿದ್ದವು. ನಾನು ಬೆರಳು ಅದ್ದಿ, 'ಇಳ್ಸಿ' ಎಂದೆ. ಪ್ರಸಾದ ತಿಂದು ಮನೆಗೆ ಬಂದೆ. ನನ್ನೊಳಗೆ ನಾನು ಎನ್ನುವವನೇ ಇಲ್ಲ, ಎಲ್ಲ ಅಪ್ಪನಿಂದ ಬಂದದ್ದು ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದೆ. ಅದೂ ಸುಳ್ಳು. ಕೂಗಿದ್ದು ನನ್ನೊಳಗಿನ ಅಪ್ಪ ಇರಬಹುದು. ಆಮೇಲೆ ಸುಮ್ಮನೆ ನಿಂತದ್ದು ನಾನು.

ಮುಂದೆ ಬಂದ ಸಂಕ್ರಾಂತಿ ಕಳೆದ ಮೇಲೆ ಮಳವಳ್ಳಿಯಿಂದ ಅವಳ ಮಗಳ ಫೋನು ಬಂತು. ಅತ್ತಿಗೆಯನ್ನು ನಮ್ಮೂರಿಗೇ ತಂದು ಅಣ್ಣನ ಪಕ್ಕದಲ್ಲಿ ಮಣ್ಣು ಮಾಡಿದೆವು. ಅಲ್ಲಿ ನೂರಾರು ಜನರಿದ್ದರು. ಸಾಯುವವರೆಗೆ ಒಬ್ಬರ ಬಾಯಿಗೂ ಬೀಳದಂತೆ ಬಾಳಿದಳು ಎಂದು ಯಾರೋ ಹೊಗಳಿದರು. ಒಂದು ಹಿಡಿ ಮಣ್ಣು ಹಾಕಿ ನಾನು ಪಕ್ಕಕ್ಕೆ ಸರಿದೆ.

ಕ್ಷಮೆ ಸಿಗಲಿ ಎಂದು ಇದನ್ನು ಬರೆಯುತ್ತಿಲ್ಲ. ಕೊಡುವವಳಿಲ್ಲ. ಓದಿದವರು ಪಾಪ ಮುದುಕ ಎಂದರೆ ಮತ್ತೊಮ್ಮೆ ಮೋಸ ಮಾಡಿದ ಹಾಗಾಗುತ್ತದೆ. ನಮ್ಮ ಕಡೆ ಈಗಲೂ ಆ ಪದ್ಧತಿಗೆ ನಮ್ಮ ಆಲೆಮನೆಯ ಉದಾಹರಣೆ ಕೊಡುವವರಿದ್ದಾರೆ. ಅವರಿಗೆ ಗೊತ್ತಾಗಲಿ: ಆ ದಿನ ಪಾಕ ಒಡೆಯಲಿಲ್ಲ, ಸೀಯಿತು. ಸೀಸಿದವನು ನಾನು. ನನ್ನ ಮಾನ ಉಳಿಸಲು ಕಂಬ ದಾಟಿ ಬಂದು, ನನ್ನ ತಪ್ಪಿಗೆ ತಾನು ತಪ್ಪಾಯ್ತು ಎಂದವಳು, ನಾನು ಒಂದು ಸಲವೂ ಆ ಮಾತು ಹೇಳದೆ ಮಣ್ಣಿಗೆ ಕಳಿಸಿದವಳು, ನನ್ನ ಅಣ್ಣನ ಹೆಂಡತಿ, ನನ್ನ ಅತ್ತಿಗೆ.